ಅಂಬಕ್ಕನ ಪಾಳಿ

ಗಂಡ ಸತ್ತಾಗ ಅಂಬಕ್ಕನಿಗೆ ಹನ್ನೆರಡು ವರ್ಷ. ಕ್ಷೌರಿಕನನ್ನು ಕರೆಸಿ ಅವಳ ತಲೆ ಬೋಳಿಸಿದವನು ಅಣ್ಣ ವೆಂಕಣಾಚಾರ್ಯ, ಧಾರವಾಡದಿಂದ ಪುಣೆಗೆ ಬಂದು ಶಾಸ್ತ್ರ ಹೇಳುತ್ತಿದ್ದವನು. “ಕಾಲ ಬದಲಾದ್ರ ಶಾಸ್ತ್ರದ ಅರ್ಥ ಬದಲಾಗೂದಿಲ್ಲ” ಎಂಬುದು ಅವನ ಹಟ. ಮೂವತ್ತು ವರ್ಷ ಆ ಹಟಕ್ಕೆ ಅಂಬಕ್ಕ ಅನ್ನ ಬೇಯಿಸಿ ಹಾಕಿದಳು.

ಪ್ಲೇಗಿನಲ್ಲಿ ಆಚಾರ್ಯನ ಅಳಿಯ ತೀರಿಕೊಂಡ. ಹತ್ತನೆಯ ದಿನ ಮಗಳು ಇಂದೂ ತನ್ನ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದು ಮೂಲೆಯಲ್ಲಿ ಕೂತಿದ್ದಳು. ಹೊರಗೆ ಕ್ಷೌರದ ಕತ್ತಿ ಮಸೆಯುವ ಸದ್ದು. ಆಚಾರ್ಯ ಗಡಬಡಿಸಿ ಶಾಸ್ತ್ರದ ಪೋಥಿ ತಿರುವುತ್ತಿದ್ದ.

“ಸಿಕ್ತು! ಕೂದಲಾ ತೆಗೀಬೇಕಂತಿಲ್ಲ. ಇದಕ್ಕ ಬ್ಯಾರೆ ಅರ್ಥ ಅದ!”

“ನನ್ನ ಪಾಳಿಗೆ ಈ ಅರ್ಥ ಎಲ್ಲಿ ಹೋಗಿತ್ತು, ಅಣ್ಣಾ?” ಅಂಬಕ್ಕ ಕೇಳಿದಳು.

ಅವನು ಆ ಹಾಳೆಗೆ ಗುರುತಿಟ್ಟುಕೊಂಡ.

ಅಂಬಕ್ಕ ಬೋಳುತಲೆಯ ಮೇಲೆ ಕೆಂಪು ಸೆರಗೆಳೆದುಕೊಂಡು ಬಾಗಿಲ ಚಿಲಕ ತೆಗೆದಳು. ಇಂದೂಗಾಗಿ ನಸುಕಿನಲ್ಲೇ ಅವಳೇ ಹೇಳಿಕಳಿಸಿದ್ದ ಕ್ಷೌರಿಕ ಕಟ್ಟೆಯಿಂದ ಎದ್ದ.