ಮೂರು ಲೀಟರಿನ ಮಾತು

ಹುಕ್ಕೇರಿ ಸಂತೆಯಲ್ಲಿ ತೂಕದ ಜಗಳ ಹತ್ತಿದರೆ ಜನ ದೇವರ ಮೇಲೆ ಆಣೆ ಇಡುತ್ತಿರಲಿಲ್ಲ. ಘೋಡಗೇರಿಯ ತಾಜುದ್ದೀನನನ್ನು ಕರೆಯುತ್ತಿದ್ದರು. ದೇವರು ಬರುವುದು ತಡ, ತಾಜುದ್ದೀನ ಬೇವಿನ ಗಿಡದ ಕೆಳಗೇ ಕುಳಿತಿರುತ್ತಿದ್ದ. ಅವನ ಕಸುಬು ತಕ್ಕಡಿ ರಿಪೇರಿ. ಮೂವತ್ತೊಂದು ವರ್ಷ ಕುಕ್ಕರಗಾಲಿನಲ್ಲಿ ಕುಳಿತು ಹುಕ್ಕೇರಿ, ಗೋಕಾಕ, ಮೂಡಲಗಿ ಈ ಮೂರೂ ಸಂತೆಗಳ ತಕ್ಕಡಿಗಳಿಗೆ ನಿಯತ್ತು ಕಲಿಸಿದ್ದ. ಯಾರಾದರೂ ತಟ್ಟೆಯ ಅಂಚಿಗೆ ಹೆಬ್ಬೆರಳು ತಾಗಿಸಿ ತೂಗಿದರೆ ಹತ್ತು ಮಾರು ದೂರದಿಂದ ಒಮ್ಮೆ ಕೆಮ್ಮುತ್ತಿದ್ದ, ಅಷ್ಟೇ. ಆ ಕೆಮ್ಮಿಗೆ ಬೆಚ್ಚಿ ಹಿಂದೆ ಸರಿದ ಹೆಬ್ಬೆರಳುಗಳಿಗೆ ಲೆಕ್ಕವಿಲ್ಲ.

ಇಂಥ ವೀರನನ್ನು ಕೆಡವಿದ್ದು ಅವನದೇ ಬಲಗಾಲಿನ ಮೊಣಕಾಲು. ಇನ್ನು ಕುಕ್ಕರಗಾಲಲ್ಲಿ ಕೂಡುವುದು ಬಂದ್ ಎಂದರು ಡಾಕ್ಟರು. ಸಂತೆಗೆ ಸ್ಟೂಲು ಬಂತು. ಮನೆಗೆ ಕಮೋಡ್ ಬರಬೇಕಾಯಿತು. ಆದರೆ ಅವನ ಓಣಿ ಏರಿನ ಮೇಲಿತ್ತು. ನಳದ ನೀರು ನಾಲ್ಕು ದಿನಕ್ಕೊಮ್ಮೆ, ಅದೂ ಏದುಸಿರು ಬಿಡುತ್ತ ಹತ್ತಿ ಬರುತ್ತಿತ್ತು. ಅಲ್ಲಿ ಒಂದು ಸಲಕ್ಕೆ ಒಂಬತ್ತು ಲೀಟರ್ ನುಂಗುವ ಕಮೋಡ್ ಇಡುವುದೆಂದರೆ ಮನೆಯಲ್ಲಿ ಆನೆ ಕಟ್ಟಿದ ಹಾಗೆ. ಕಡಿಮೆ ನೀರು ಕುಡಿಯಬೇಕು, ಹೊತ್ತಿಗೆ ಕೈಕೊಡಬಾರದು. ಅಂಥದೊಂದನ್ನು ಹುಡುಕಿ ತರುವ ಪಣ ತೊಟ್ಟ ತಾಜುದ್ದೀನ, ಅಂಗಡಿಯವರ ಮಾತು ನಂಬುವ ಕುಲದವನಲ್ಲ. ಹೆಂಡತಿ ಜರೀನಾಬಿ ರೊಟ್ಟಿಗೆಂದು ನಾದಿಟ್ಟಿದ್ದ ಜೋಳದ ಹಿಟ್ಟಿನಿಂದ ಐವತ್ತು ಐವತ್ತು ಗ್ರಾಮಿನ ಏಳು ಉಂಡೆ ಮಾಡಿ, ಒಂದೊಂದನ್ನೂ ತೂಗಿ ಟಿಫಿನ್ ಡಬ್ಬಿಗೆ ತುಂಬಿಕೊಂಡ.

"ಇವನ್ನ ಎಲ್ಲಿಗ ಒಯ್ತೀರಿ?"

"ಕಮೋಡಿನ ಪರೀಕ್ಷಾಕ."

"ಜ್ವಾಳದ ಹಿಟ್ಟು? ಒಂದ್ ಮಾತ್ ಕೇಳ್ರಿ ಇಲ್ಲೆ..."

"ತೂಕ ಬರೋಬ್ಬರಿ ಐತಿ. ಇನ್ನ ಮಾತ್ಯಾಕ?"

ದಿಗ್ವಿಜಯ ಹೊರಟಿತು. ಹುಕ್ಕೇರಿಯ ಅಂಗಡಿಯವನು ಡಬ್ಬಿ ನೋಡಿ, ಊಟಕ್ಕೆ ಬಂದಿರಬೇಕೆಂದು ತಿಳಿದು ಉಪ್ಪಿನಕಾಯಿ ಕೊಡಲು ಎದ್ದ. ಉದ್ದೇಶ ಗೊತ್ತಾದ ಮೇಲೆ ಬಾಗಿಲು ತೋರಿಸಿದ. ಮೂಡಲಗಿಯವನು, "ಕಾಕಾ, ಇವು ಬರೇ ನೋಡಾಕ ಇಟ್ಟಾವು, ನೀರ ಜೋಡ್ಸಿಲ್ಲ" ಎಂದು ಕೈಮುಗಿದ. ಗೋಕಾಕದಲ್ಲಿ ಮಾತ್ರ ಮಹೇಶ ಎಂಬ ಅಂಗಡಿಯವನು ಹಿತ್ತಲಿನಲ್ಲಿ ಒಂದು ಕಮೋಡನ್ನು ನೀರಿನ ಟಾಕಿಗೆ ಜೋಡಿಸಿಟ್ಟಿದ್ದ. ಸಲಕ್ಕೆ ಮೂರೇ ಲೀಟರ್. ತಾಜುದ್ದೀನ ಬಿಸ್ಮಿಲ್ಲಾ ಎಂದು ಏಳೂ ಉಂಡೆಗಳನ್ನು ಇಳಿಬಿಟ್ಟ, ಗಡಿಯಾರ ನೋಡಿ ಎರಡು ನಿಮಿಷ ತಡೆದ, ಗುಂಡಿ ಒತ್ತಿದ. ಗುಡುಗೊಂದು ಕೇಳಿಸಿತು. ಬಗ್ಗಿ ನೋಡಿದರೆ ಒಂದು ಉಂಡೆಯೂ ಇಲ್ಲ. ಬಿಳಿಯ ಬಟ್ಟಲು ಬೆಳದಿಂಗಳಿನಂತೆ ಹೊಳೆಯುತ್ತಿತ್ತು.

ಕಮೋಡ್ ಟಂಟಂ ಆಟೋ ಏರಿ ಘೋಡಗೇರಿಗೆ ಬಂದ ದಿನ ಓಣಿಯವರೆಲ್ಲ ನೆರೆದರು. ತಾಜುದ್ದೀನ ಉದ್ಘಾಟನೆಯ ಉಂಡೆಗಳನ್ನು ಬಿಟ್ಟ, ಅವೂ ಮಾಯವಾದವು. ಅವನು ಅಷ್ಟಕ್ಕೇ ನಿಲ್ಲಲಿಲ್ಲ. ಮಾಳಿಗೆಯ ಟಾಕಿಗೆ ಒಂದು ಪಾರದರ್ಶಕ ಪೈಪು ಹಚ್ಚಿ ಅದರ ಮೇಲೆ ಲೀಟರಿನ ಗೆರೆ ಕೊರೆದ. ದಿನಾ ಸಂಜೆ ಅಂಗಳದಲ್ಲಿ ನಿಂತು ಗೆರೆ ಓದುವನು, ಮರುದಿನ ಸಂತೆಯಲ್ಲಿ ಸಾರುವನು: "ಸಲಕ್ಕ ಮೂರು ಲೀಟರ್. ಒಂದು ಹನಿ ಹೆಚ್ಚಿಲ್ಲ. ಒಂದು ದಿನಾ ಕೈಕೊಟ್ಟಿಲ್ಲ. ಇದು ನನ್ನ ಮಾತು." ತಾಜುದ್ದೀನನ ಮಾತೆಂದರೆ ಮುದ್ರೆ ಒತ್ತಿದ ತೂಕದ ಕಲ್ಲು. ಎಂಟು ತಿಂಗಳಲ್ಲಿ ಏಳು ಮನೆಯವರು ಅದೇ ಕಮೋಡ್ ಕೂರಿಸಿದರು.

ಆ ಎಂಟು ತಿಂಗಳು ಅವನಿಗೆ ಇನ್ನೊಂದು ಸುಖವೂ ಇತ್ತು. ಮೊದಲೆಲ್ಲ ತಿಂಗಳಿಗೊಮ್ಮೆ ಮೂಡಲಗಿಗೆ ಮಗಳು ಹೀನಾಳ ಮನೆಗೆ ಹೋಗಿ ನಾಲ್ಕು ದಿನ ಕೂಡುತ್ತಿದ್ದ ಜರೀನಾಬಿ ಈಗ ಒಂದು ದಿನವೂ ಮನೆ ಬಿಡುತ್ತಿರಲಿಲ್ಲ. "ವಯಸ್ಸಾದಂಗ ಪ್ರೀತಿ ಗಟ್ಟಿ ಆಗತೈತಿ ನೋಡ" ಎಂದು ಅವನು ಸ್ಟೂಲಿನ ಮೇಲೆ ಕುಳಿತು ಗೆಳೆಯರಿಗೆ ಹೇಳಿದ್ದ.

ಹೀನಾಳ ಕೂಸಿಗೆ ಜ್ವರ ಬಂತೆಂದು ಜರೀನಾಬಿ ಒಲ್ಲದ ಮನಸ್ಸಿನಿಂದ ಬೆಳಗಿನ ಬಸ್ಸು ಹತ್ತಿದಳು. ಅದೇ ಮಧ್ಯಾಹ್ನ ಮಸಗುಪ್ಪಿಯ ದುಂಡಪ್ಪ ಬಂದಿಳಿದ. ಇಪ್ಪತ್ತು ವರ್ಷದ ಗೆಳೆಯ, ಏಳನೆಯ ಕಮೋಡಿನ ಒಡೆಯ. ಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ತಾಜುದ್ದೀನಾ, ನಿನ್ನ ಮಾತ ನಂಬಿ ಮೊನ್ನೆ ಕೂರಿಸಿದ್ನಿ. ನಿನ್ನೆ ಬೀಗರು ಬಂದಿದ್ರು. ಮೂರು ಸಲ ಒತ್ತಿದ್ರಂತ ಪಾಪ. ಅವರ ಮಾನ ಹೋತು, ನನ್ನ ಮಾನ ಹೋತು, ಹೋಗಬೇಕಾದದ್ದು ಮಾತ್ರ ಹೋಗಲಿಲ್ಲ."

"ಅದನ್ನ ಕೂರಿಸಿದ ಗೌಂಡಿ ಸರಿ ಇರಲಿಕ್ಕಿಲ್ಲ."

"ಗೌಂಡಿ ಬ್ಯಾಡ. ಸಂತ್ಯಾಗ ನಿಂತು ಹೇಳಾಂವ ನೀ. ಇದರಾಗ ಸುಳ್ಳಾಡಿದಾಂವ ತಕ್ಕಡ್ಯಾಗ ಖರೇ ಹೇಳ್ತಾನಂತ ಯಾರ ನಂಬಬೇಕು?"

ಈಟಿ ಸರಿಯಾದ ಜಾಗಕ್ಕೇ ನಾಟಿತು. ತಾಜುದ್ದೀನನ ಹತ್ತಿರ ಹೊಲವಿಲ್ಲ, ಅಂಗಡಿಯಿಲ್ಲ. ಇದ್ದದ್ದು ಆ ಮಾತೊಂದೇ. "ಊಟ ಮಾಡು. ಚಾ ಕುಡಿ. ಆಮ್ಯಾಲ ನಮ್ಮ ಮನೀದ ಉಪಯೋಗಿಸಿ ನೋಡು" ಎಂದ.

ಮಸಗುಪ್ಪಿಯ ದುಂಡಪ್ಪ ಅನ್ನ, ಚಾ ಎರಡಕ್ಕೂ ನ್ಯಾಯ ಒದಗಿಸಿ ಒಳಗೆ ಹೋದ. ಗುಡುಗು ಕೇಳಿಸಿತು. ಸ್ವಲ್ಪ ತಡೆದು ಇನ್ನೊಂದು ಗುಡುಗು. ಟಾಕಿ ತುಂಬುವ ಸದ್ದು. ಮೂರನೆಯದು. ಕೊನೆಗೆ ಹೊರಗೆ ಬಂದ ದುಂಡಪ್ಪ ಮುಂಡಾಸು ಸರಿಮಾಡಿಕೊಂಡು, "ಹೋಗಿ ನೀನ ದರ್ಶನ ತಗೋ" ಎಂದ.

ತಾಜುದ್ದೀನ ಹೋಗಿ ನೋಡಿದ. ನೋಡಿ ಬಾಗಿಲು ಹಾಕಿಕೊಂಡು ಬಂದ. ಎಂಟು ತಿಂಗಳು ನಿಯತ್ತಿನಿಂದಿದ್ದ ಕಮೋಡ್ ಗೆಳೆಯನ ಮುಂದೆ, ಇದೇ ದಿನ ಯಾಕೆ ಎದುರು ತಿರುಗಿತು? ಅಷ್ಟರಲ್ಲಿ ಪಕ್ಕದ ಮನೆಯ ಗೌರಕ್ಕ ಗೋಡೆಯ ಮೇಲಿಂದ ಇಣುಕಿದಳು.

"ತಾಜುದ್ದೀನಣ್ಣಾ, ಜರೀನಾಬಿ ಹೇಳಿ ಹೋಗ್ಯಾಳ. ನಮ್ಮ ಬೋರಿನ ನೀರು ತುಂಬಿಟ್ಟೇನಿ. ಎರಡ ಬಕೀಟು ಸಾಕೋ, ಇವತ್ತ ಮಂದಿ ಬಂದಾರಂತ ಮೂರು ಬೇಕೋ?"

"ಯಾತಕ್ಕ?"

ಜರೀನಾಬಿ ಹೋಗುವಾಗ ಗಂಡನಿಗೂ ಹೇಳಿರಬೇಕೆಂದು ತಿಳಿದಿದ್ದ ಗೌರಕ್ಕ ದುಂಡಪ್ಪನನ್ನು ನೋಡಿದಳು, ಬಾಗಿಲನ್ನು ನೋಡಿದಳು, ನಾಲಿಗೆ ಕಚ್ಚಿಕೊಂಡಳು. ಆದರೆ ಬಾಯಿಂದ ಬಿದ್ದ ಮಾತಿಗೆ ಗೋಡೆ ಅಡ್ಡ ಬರಲಿಲ್ಲ. ಎಂಟು ತಿಂಗಳಿಂದ ಜರೀನಾಬಿ ದಿನಾ ಗೌರಕ್ಕನ ಹಿತ್ತಲಿನಿಂದ ನೀರು ಹೊತ್ತು ತಂದು, ಗಂಡ ಹೊರಗೆ ಬಂದೊಡನೆ ಒಳಗೆ ಹೋಗಿ ಒಂದು ಬಕೀಟು ಸುರಿಯುತ್ತಿದ್ದಳು. ಮನೆಯ ಟಾಕಿಯಿಂದ ತೆಗೆದರೆ ಪೈಪಿನ ಗೆರೆ ಚಾಡಿ ಹೇಳುತ್ತದೆ, ಅದಕ್ಕೆ. ಓಣಿಯಲ್ಲಿ ಇದು ಗೊತ್ತಿಲ್ಲದ ಪ್ರಾಣಿ ಒಂದೇ ಇತ್ತು. ಅದು ಪ್ರತಿ ಸಂಜೆ ಅಂಗಳದಲ್ಲಿ ನಿಂತು ಗೆರೆ ಓದುತ್ತಿತ್ತು.

ದುಂಡಪ್ಪ ನಗಲಿಲ್ಲ. ನಕ್ಕಿದ್ದರೆ ಸಹಿಸಬಹುದಿತ್ತು. "ಬರ್ತೇನಿ" ಎಂದು ಹೆಗಲ ಮೇಲೆ ಕೈಯಿಟ್ಟು ಹೋದ.

ಮರುದಿನ ಜರೀನಾಬಿ ಮರಳಿದಾಗ ತಾಜುದ್ದೀನ ಪಡಸಾಲೆಯಲ್ಲಿ ಬಕೀಟನ್ನು ಎದುರಿಗೆ ಇಟ್ಟುಕೊಂಡು, ಸಿಕ್ಕಿಬಿದ್ದ ಕಳ್ಳನನ್ನು ಕಾಯುವವನಂತೆ ಕುಳಿತಿದ್ದ.

"ಮೂವತ್ತೊಂದು ವರ್ಷ ಮಂದಿ ಬೆರಳ ಹಿಡದ್ನಿ" ಎಂದ. "ನನ್ನ ಮನ್ಯಾಗ ನೀನ ತಟ್ಟಿಗೆ ಬೆರಳ ಇಟ್ಟೀದಿ."

ಜರೀನಾಬಿ ಬುರ್ಖಾ ತೆಗೆದು ಗೂಟಕ್ಕೆ ಹಾಕಿದಳು. "ಮೊದಲನೇ ದಿನಾನ ಗೊತ್ತಾತ್ರಿ. ಓಣಿ ಮಂದೀನ ಕರದು ನೀವು ಭಾಷಣ ಮಾಡಾಕತ್ತಿದ್ರಿ. ಆ ನಿಮ್ಮ ಮಾರಿ ನೋಡಿ ಹ್ಯಾಂಗ ಹೇಳ್ಲಿ?"

"ಉಂಡಿ ಏಳೂ ಹೋಗಿದ್ವಲ್ಲ."

"ಜ್ವಾಳದ ಹಿಟ್ಟಿಗೆ ಜಿಗಿ ಇರತೈತೇನ್ರಿ? ನೀರಾಗ ಬಿದ್ರ ತಾನ ಒಡದು ಅಂಬಲಿ ಆಗತೈತಿ. ದಿನಾ ರೊಟ್ಟಿ ಬಡಿಯಾಕಿ ನಾ. ಅವತ್ತ ಹೇಳಾಕ ಬಂದ್ರ ತೂಕ ಬರೋಬ್ಬರಿ ಐತಿ ಅಂದ್ರಿ."

ತೂಕ ಬರೋಬ್ಬರಿಯೇ ಇತ್ತು. ತೂಗಿದ ವಸ್ತುವೇ ತಪ್ಪು. ತಾಜುದ್ದೀನ ನಿಜವಾಗಿ ನೋಯುತ್ತಿದ್ದ ಜಾಗಕ್ಕೆ ಬಂದ. "ಹಂಗಾರ ಎಂಟು ತಿಂಗಳು ಮಗಳ ಮನಿಗೆ ಹೋಗದ ಕುಂತದ್ದು..."

"ಮತ್ತ ಬಕೀಟು ಯಾರ ಸುರೀಬೇಕಿತ್ತು?"

ಕೆಟ್ಟ ತಕ್ಕಡಿಯನ್ನು ತಾಜುದ್ದೀನ ಎಂದೂ ಎಸೆದವನಲ್ಲ. ತಪ್ಪೆಷ್ಟೆಂದು ಅಳೆದು ಅದರ ಮೇಲೆ ಬರೆದುಕೊಡುತ್ತಿದ್ದ. ಮಾತಿಗೂ ಅದೇ ನಿಯಮ ಎಂದುಕೊಂಡ. ಹೆಂಡತಿಯ ಬಕೀಟನ್ನು ಅಳೆದ: ಹತ್ತು ಲೀಟರ್. ಕೆಂಪು ಬಣ್ಣದ ಡಬ್ಬಿ, ಕುಂಚ ಹಿಡಿದು ಏಳು ಮನೆಗೆ ಹೊರಟ.

ಮೊದಲು ಹುಕ್ಕೇರಿಯ ದರ್ಜಿ ಶಿವಕುಮಾರನ ಮನೆ. "ನನ್ನ ಮಾತ ತಪ್ಪೇತಿ. ಹಿಂದ ತಗೊಳ್ಳಾಕ ಬಂದೇನಿ" ಎಂದ.

"ಏನ್ ತಪ್ಪೋ ಮಾಮಾ? ಆರು ತಿಂಗಳಾತು, ನಮ್ದು ಒಂದು ದಿನಾ ಕೈಕೊಟ್ಟಿಲ್ಲ. ಮೂರ ಲೀಟರ್. ಬಂಗಾರದಂಥಾ ಮಾಲು" ಎಂದು ಶಿವಕುಮಾರ ಎದೆಯುಬ್ಬಿಸಿದ.

ತಾಜುದ್ದೀನ ಅವನ ಹಿಂದೆ ನೋಡಿದ. ಬಾಗಿಲಲ್ಲಿ ಶಿವಕುಮಾರನ ಹೆಂಡತಿ ದಾನೇಶ್ವರಿ ನಿಂತಿದ್ದಳು. ಅವಳ ಪಾದ ಮೆಲ್ಲಗೆ ಏನನ್ನೋ ಕದದ ಹಿಂದಕ್ಕೆ ದೂಡುತ್ತಿತ್ತು. ತಾಜುದ್ದೀನ ಒಮ್ಮೆ ಕೆಮ್ಮಿದ. ಮೂವತ್ತೊಂದು ವರ್ಷದ ಅದೇ ಕೆಮ್ಮು. ಪಾದ ಬೆಚ್ಚಿಬಿತ್ತು, ಬಕೀಟು ಉರುಳಿ ನೀರು ಪಡಸಾಲೆಗೆ ಹರಿದು ಶಿವಕುಮಾರನ ಕಾಲ್ಬೆರಳು ತೋಯಿಸಿತು.

ಏಳರಲ್ಲಿ ಆರು ಮನೆಯ ಕಥೆ ಇದೇ. ಆರು ಕಡೆ ಕೆಮ್ಮಿದ, ಆರು ಬಕೀಟು ಹೊರಬಿದ್ದವು, ಆರು ಗಂಡಸರ ಎದೆ ಇಳಿಯಿತು. ಮಸಗುಪ್ಪಿಯಲ್ಲಿ ದುಂಡಪ್ಪನ ಹೆಂಡತಿ ಶಿವವ್ವ ಮಾತ್ರ ನೇರ ಹೇಳಿದಳು: "ನಾ ಯಾಕ ಸುರೀಲಿ? ತಂದವರು ನೋಡ್ಕೊಳ್ಳಿ ಅಂತ ಬಿಟ್ನಿ." ಮೂರು ತಾಲೂಕಿನಲ್ಲಿ ಸರಿಯಾಗಿ ತೂಗುತ್ತಿದ್ದ ತಕ್ಕಡಿ ಅದೊಂದೇ ಎಂದು ತಾಜುದ್ದೀನ ಅವಳಿಗೆ ಕೈಮುಗಿದ. ಪ್ರತಿಯೊಂದು ಕಮೋಡಿನ ಟಾಕಿಯ ಮೇಲೂ ಕೆಂಪಕ್ಷರದಲ್ಲಿ ಬರೆದ: ಹದಿಮೂರು ಲೀಟರ್. ಕೆಳಗೆ ತನ್ನ ಹೆಸರು. ದುಂಡಪ್ಪ ಅದನ್ನು ಓದಿ, ಒಳಗಿನಿಂದ ತನ್ನ ಹಳೆಯ ತಕ್ಕಡಿ ತಂದು ಮುಂದಿಟ್ಟ. "ಬೆಲ್ಲ ತೂಗಾಕ ಬೇಕು. ಮುಳ್ಳ ಸ್ವಲ್ಪ ಬಲಕ್ಕ ಎಳ್ಯಾಕತ್ತೈತಿ. ನೋಡು."

ಸಂಜೆ ಮನೆಗೆ ಬಂದ ತಾಜುದ್ದೀನ ತನ್ನ ಕಮೋಡಿನ ಟಾಕಿಯ ಮೇಲೂ ಬರೆದು, ಕುಂಚ ತೊಳೆದು, ಜರೀನಾಬಿ ಕೊಟ್ಟ ಚಾ ಹಿಡಿದು ಕುಳಿತ. ಒಂದು ಗುಟುಕು ಕುಡಿದವನಿಗೆ ಏನೋ ಹೊಳೆಯಿತು. ಡಾಕ್ಟರು ಸಕ್ಕರೆ ಬಿಡಿಸಿ ಎರಡು ವರ್ಷವಾಗಿತ್ತು. ಎರಡು ವರ್ಷವೂ ಚಹಾ ಇಷ್ಟೇ ಸಿಹಿಯಾಗಿತ್ತು.

"ಖರೇ ಹೇಳು" ಎಂದ. "ಇನ್ನ ಯಾತ್ಯಾತರಾಗ ಬೆರಳ ಇಟ್ಟೀದಿ?"

ಜರೀನಾಬಿ ಬಾಗಿಲ ಚೌಕಟ್ಟಿಗೆ ಒರಗಿ, ಬೆರಳು ಮಡಚುತ್ತ ಮನಸ್ಸಿನಲ್ಲೇ ಎಣಿಸಿದಳು. ಒಂದು ಕೈಯ ಬೆರಳು ಮುಗಿದು ಇನ್ನೊಂದು ಕೈ ಶುರುವಾಯಿತು.

"ಮೊದಲ ಚಾ ಕುಡೀರಿ" ಎಂದಳು. "ಆರತೈತಿ."