ಹರಿಯದ ಗುಂಡಿನ ಸರ

ನಮ್ಮ ಪಕ್ಕದ ಮನೆಯ ಗಂಗುಲಮ್ಮನ ಎಡಗಿವಿಯ ಹಾಲೆ ಸೀಳಿಹೋಗಿದೆ. ಓಲೆ ಬಿಚ್ಚಿಕೊಡಲಿಲ್ಲವೆಂದು ಗಂಡ ಬಯ್ಯಪ್ಪ ಹಾಗೇ ಎಳೆದು ಕಿತ್ತುಕೊಂಡಿದ್ದ. ಅದಕ್ಕೂ ಮೊದಲು, ತವರಿನವರು ಹಾಕಿದ್ದ ಸರವನ್ನು, ಒಲೆಯ ಮುಂದೆ ಕೂತಿದ್ದವಳ ಬೆನ್ನಿಗೆ ಮೊಣಕಾಲು ಊರಿ ಹಿಂದಿನಿಂದ ಕಿತ್ತಿದ್ದನಂತೆ. ತೆಳ್ಳನೆಯ ಸರ, ಒಂದೇ ಎಳೆತಕ್ಕೆ ಬಂದುಬಿಟ್ಟಿತು. ಬೆಂಗಳೂರಿನಲ್ಲಿ ಓದಿದ ನಾನು ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದ ಹೊಸದು. ಆಕೆ ಅವರೆಕಾಯಿ ಸುಲಿಯುತ್ತ ಇದನ್ನೆಲ್ಲ ಹೇಳಿದಾಗ, ಪೊಲೀಸರಿಗೆ ಹೇಳಲಿಲ್ಲವೇ ಎಂದು ಕೇಳಿದೆ.

"ಪೊಲೀಸ್ನೋರು ಬಂದು ಕಿವಿ ಹೊಲ್ದು ಕೊಡ್ತಾರಾ ತನುಜಮ್ಮ?" ಎಂದಳು.

ಬಯ್ಯಪ್ಪ ಆಮೇಲೆ ಪೆರೇಸಂದ್ರದಲ್ಲಿ ಇನ್ನೊಬ್ಬಳ ಮನೆ ಸೇರಿಕೊಂಡ. ಗಂಗುಲಮ್ಮ ಸಾದಿಕ್ ಪಾಷಾ ಅವರ ಫಿಲೇಚರಿಗೆ ರೇಷ್ಮೆ ನೂಲು ತೆಗೆಯಲು ಹೋಗತೊಡಗಿದಳು. ದಿನವಿಡೀ ಬಿಸಿನೀರಿನಲ್ಲಿ ಗೂಡು ಕಲಕಿ ಎಳೆ ಹಿಡಿಯುವ ಕೆಲಸ. ಬೆರಳ ತುದಿಗಳು ಬೆಂದು ಬಿಳಚಿಕೊಂಡಿದ್ದವು. ಆ ದುಡಿಮೆಯಲ್ಲಿ ಮತ್ತೆ ಚಿನ್ನ ಮಾಡಿಸಬೇಕು, ಮಾಡಿಸಿದ್ದು ಯಾರು ಎಳೆದರೂ ಕತ್ತಿನಿಂದ ಬರಬಾರದು. ಆಕೆಗಿದ್ದದ್ದು ಇದೊಂದೇ ಹಟ.

ಚೈನು ಬೇಡವೆಂದಳು. ಚೈನು ಕೊಂಡಿಯಲ್ಲಿ ಬಿಡುತ್ತದೆ, ಇಲ್ಲವೇ ಬೆಸುಗೆಯಲ್ಲಿ. ಅದಕ್ಕೇ ಗುಂಡಿನ ಸರ. ಹಬ್ಬಕ್ಕೊಮ್ಮೆ ಚೆನ್ನರಾಯಪ್ಪನವರ ಚಿನ್ನದಂಗಡಿಗೆ ಹೋಗಿ ಕೆಲವೇ ಗುಂಡುಗಳನ್ನು ಆರಿಸಿ ತರುತ್ತಿದ್ದಳು. ಒಂದೊಂದನ್ನೂ ಅಂಗೈಯಲ್ಲಿ ಉರುಳಿಸಿ, ಉಗುರಿನಿಂದ ಒತ್ತಿ, ಒಳಗೆ ಅರಗು ಸರಿಯಾಗಿ ತುಂಬಿದೆಯೇ ಎಂದು ನೋಡುವಳು. ಸರಕ್ಕೆ ಸಾಕಾಗುವಷ್ಟು ಕೂಡಿದಾಗ ಚೆನ್ನರಾಯಪ್ಪ ತಾವೇ ಹತ್ತಿ ದಾರದಲ್ಲಿ ಪೋಣಿಸಿಕೊಡುತ್ತೇನೆ ಎಂದರು. ಆಕೆ ಒಪ್ಪಲಿಲ್ಲ. ತಾನೇ ತೆಗೆದ ಹಳದಿ ಗೂಡಿನ ನೂಲನ್ನು ಹಲವು ಎಳೆ ಸೇರಿಸಿ, ತೊಡೆಯ ಮೇಲೆ ಹೊಸೆದು ಹುರಿ ಮಾಡಿ, ಜೇನುಮೇಣ ಉಜ್ಜಿದಳು. ಫಿಲೇಚರಿನ ಹೆಂಗಸರೆಲ್ಲ ಆ ದಾರಕ್ಕೆ ತುಂಬಿದ ಬಿಂದಿಗೆ ತೂಗುಬಿಟ್ಟು ನೋಡಿದರಂತೆ. ಜಗ್ಗಲಿಲ್ಲ. ಕತ್ತಿಗೆ ಕಟ್ಟಿಸಿಕೊಂಡು, ಗಂಟಿನ ಮೇಲೆ ಅರಗು ಕಾಯಿಸಿ ಮೆತ್ತಿಸಿಕೊಂಡಳು. ತೆಗೆಯಬೇಕೆಂದರೆ ಕತ್ತರಿಯೇ ಬೇಕು.

ಬಿಸಿ ತಾಗಿದರೆ ಗುಂಡಿನೊಳಗಿನ ಅರಗು ಕರಗುತ್ತದೆ. ಅದಕ್ಕೆ ಕೆಲಸದ ಹೊತ್ತಿನಲ್ಲಿ ಸರಕ್ಕೆ ಹಳೇ ಸೀರೆಯ ತುಂಡು ಸುತ್ತಿ ರವಿಕೆಯೊಳಗೆ ಸೇರಿಸುವಳು. ಭಾನುವಾರ ನಮ್ಮ ಜಗುಲಿಯ ಮೇಲೆ ಕೂತು, ಕತ್ತಿನಲ್ಲಿದ್ದಂತೆಯೇ ಅಂಟುವಾಳದ ತಣ್ಣನೆ ನೊರೆ ಹಚ್ಚಿ ಮಕ್ಕಳ ಬ್ರಷ್ಷಿನಿಂದ ಉಜ್ಜುವಳು. ಹಿಂದುಗಡೆ ಉಜ್ಜುವುದು ನನ್ನ ಪಾಲು.

ಒಮ್ಮೆ ಬಯ್ಯಪ್ಪ ಕುಡಿದು ಬಂದು ಕೈ ಹಾಕಿದ. ಎಳೆದ, ತಿರುಚಿದ, ಕಾಲಿನಿಂದ ಒದ್ದ. ಸರ ಬರಲಿಲ್ಲ. ಆಕೆ ಮುದ್ದೆ ಕೋಲಿನಿಂದ ಅವನ ಮೊಣಕೈಗೆ ಬಾರಿಸಿದ ಸದ್ದು ನಮ್ಮ ಅಡುಗೆಮನೆಗೆ ಕೇಳಿಸಿತು. ನಾನು ಆಗಿನ್ನೂ ಕೈಗೂಸಾಗಿದ್ದ ಮಗಳನ್ನು ಅವುಚಿಕೊಂಡು ಬಾಗಿಲು ಹಾಕಿಕೊಂಡೆ. ಅವನು ನೇತುಬಿದ್ದ ಕೈಯನ್ನು ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದದ್ದನ್ನು ಓಣಿಯವರೆಲ್ಲ ನೋಡಿದರು. ಸರಗಳ್ಳರು ಎಳೆದರೆ ಹರಿಯದ ಈ ದಾರ ಕತ್ತಿಗೇ ಅಪಾಯವಲ್ಲವೇ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ನನಗೆ ಎಲ್ಲಕ್ಕೂ ಭಯ. ಆಕೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ನನ್ನ ಮಗಳು ಸಂಘಮಿತ್ರಳಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ಔಷಧಿ ನಡೆಯುತ್ತಿದ್ದರೂ ನನಗೆ ನಿದ್ದೆಯಿಲ್ಲ. ಮುರುಗಮಲ್ಲ ದರ್ಗಾಕ್ಕೆ ಹೋಗಿಬರೋಣವೆಂದು ಗಂಗುಲಮ್ಮನೇ ಹೊರಡಿಸಿದಳು. ಚಿಂತಾಮಣಿಯಲ್ಲಿ ಬಸ್ಸು ಬದಲಾಯಿಸಿ ಮುರುಗಮಲ್ಲದಲ್ಲಿ ಇಳಿದಾಗ ಮಟಮಟ ಮಧ್ಯಾಹ್ನ. ಸೆಕೆಗೆ ಆಕೆ ಸೆರಗಿನಿಂದ ಕತ್ತು ಒರೆಸಿಕೊಂಡಳು. ಸರ ಹೊರಗೆ ಬಂತು.

ಬೈಕು ಹಿಂದಿನಿಂದ ಬಂತು. ಹಿಂದೆ ಕೂತಿದ್ದವನು ದಾರದೊಳಗೆ ಬೆರಳು ತೂರಿಸಿ ಎಳೆದ. ಬೇರೆ ಯಾವ ಸರವಾದರೂ ಅಲ್ಲಿಗೇ ಮುಗಿಯುತ್ತಿತ್ತು. ಗಂಗುಲಮ್ಮ ಬೈಕಿನ ಪಕ್ಕದಲ್ಲೇ ನಾಲ್ಕು ಹೆಜ್ಜೆ ಓಡಿ, ಮುಗ್ಗರಿಸಿ, ಹೂವಿನಂಗಡಿಗಳ ಮುಂದೆ ರಸ್ತೆಯುದ್ದಕ್ಕೂ ಎಳೆಸಿಕೊಂಡು ಹೋದಳು. ಅವನಿಗೆ ಬಿಡಬೇಕೆಂದರೂ ಆಗಲಿಲ್ಲ, ದಾರ ತಿರುಚಿಕೊಂಡು ಬೆರಳುಗಳನ್ನು ಬಿಗಿದಿತ್ತು. ಅವನು ಬೈಕಿನಿಂದ ಕಿತ್ತುಬಂದು ಆಕೆಯ ಮೇಲೆ ಬಿದ್ದ. ಬೈಕು ನಡೆಸುತ್ತಿದ್ದವನು ತಿರುಗಿಯೂ ನೋಡದೆ ಹೋಗಿಬಿಟ್ಟ.

ಜನ ಕ್ಷಣದಲ್ಲಿ ಕೂಡಿದರು. ಬಸ್ಸಿನಿಂದ ಇಳಿದವರು, ಅಂಗಡಿಯವರು, ಯಾರು ಯಾರೋ. ಚಪ್ಪಲಿ, ದೊಣ್ಣೆ, ಸೈಜುಗಲ್ಲು. ಒಬ್ಬ ಅವನ ಪಕ್ಕೆಗೆ ಒದ್ದ, ಇನ್ನೊಬ್ಬ ತಲೆಗೂದಲು ಹಿಡಿದು ಮುಖವನ್ನು ಡಾಂಬರಿಗೆ ಜಜ್ಜಿದ. ಅವರು ಅವನನ್ನು ಎಳೆದಾಗಲೆಲ್ಲ ಅವನ ಕೈ ಎಳೆಯುತ್ತಿತ್ತು, ಆ ಕೈಗೆ ಗಂಗುಲಮ್ಮನ ಕತ್ತು ಸಿಕ್ಕಿಕೊಂಡಿತ್ತು. ದಾರ ಮಾಂಸದೊಳಗೆ ಇಳಿದಿತ್ತು. ಆಕೆಯ ಮುಖ ನೇರಳೆ ಬಣ್ಣಕ್ಕೆ ತಿರುಗುತ್ತಿದ್ದುದು ಹೊಡೆಯುವವರಿಗೆ ಕಾಣಿಸಲಿಲ್ಲ.

ನಿಲ್ಲಿಸಿ ಎಂದು ಕಿರುಚಿದೆ. ಹೊಡೀಬೇಡಿ ಅಂತೀಯಾ, ಕಳ್ಳನಿಗೆ ಏನಾಗ್ಬೇಕಮ್ಮ ನೀನು ಎಂದು ಯಾರೋ ನನ್ನನ್ನೇ ದಬ್ಬಿದರು. ಹೂವು ಮಾರುವ ಆಸ್ಮಾ ಎಂಬ ಹೆಂಗಸು ಮಗುವನ್ನು ನನ್ನ ಸೊಂಟದಿಂದ ಎತ್ತಿಕೊಂಡು, ಹೂದಾರ ಕತ್ತರಿಸುವ ಕತ್ತರಿಯನ್ನು ಕೈಗೆ ತುರುಕಿದಳು. ಕಾಲುಗಳ ನಡುವೆ ನುಗ್ಗಿದೆ. ನನ್ನ ಬೆನ್ನಿಗೂ ಏಟು ಬಿತ್ತು.

ಗಂಗುಲಮ್ಮ ಕತ್ತರಿ ನೋಡಿದಳು. ನೋಡಿದವಳು ಎರಡೂ ಕೈಗಳಿಂದ ಗಂಟನ್ನು ಮುಚ್ಚಿಕೊಂಡಳು.

"ಕೈ ತೆಗೀರಿ ಅಕ್ಕ. ಸತ್ತೋಗ್ತೀರ."

ತೆಗೆಯಲಿಲ್ಲ. ಮೊಣಕಾಲಿನಿಂದ ನನ್ನ ಹೊಟ್ಟೆಗೆ ಒದ್ದಳು. ನಾನು ಆಕೆಯ ಕೈಯನ್ನು ಕಚ್ಚಿದೆ, ಜೋರಾಗಿಯೇ ಕಚ್ಚಿದೆ. ಸಿಕ್ಕ ಸಂದಿಯಲ್ಲಿ ಕತ್ತರಿ ತೂರಿಸಿದಾಗ ದಾರದ ಜೊತೆ ಚರ್ಮವೂ ಹೋಯಿತು. ಒಂದೇ ಸಲಕ್ಕೆ ತುಂಡಾಗಲಿಲ್ಲ, ಮತ್ತೆ ಮತ್ತೆ ಒತ್ತಿ ಕತ್ತರಿಸಿದೆ. ಗುಂಡುಗಳು ರಕ್ತದಲ್ಲಿ ಚೆಲ್ಲಿದವು. ಆಕೆ ಉಸಿರೆಳೆದ ಸದ್ದು ಹಳೇ ಬಾಗಿಲು ತೆರೆದಂತೆ ಇತ್ತು. ಕಳ್ಳನನ್ನು ಅವರು ಕಂಬದ ಹತ್ತಿರಕ್ಕೆ ಎಳೆದೊಯ್ದು, ಪೊಲೀಸರ ಜೀಪು ಬರುವ ತನಕ ಹೊಡೆದರು. ಬದುಕಿದ್ದಾನೆಂದು ಕೇಳಿದೆ.

ಚಿಂತಾಮಣಿಯ ಆಸ್ಪತ್ರೆಯಲ್ಲಿ ಕತ್ತಿನ ಸುತ್ತ ಹೊಲಿಗೆ ಹಾಕಿದರು. ಆಸ್ಮಾ ಮತ್ತು ಪಕ್ಕದಂಗಡಿಯವರು ಆರಿಸಿಕೊಟ್ಟ ಗುಂಡುಗಳು ಮಗಳ ಬಟ್ಟೆಯ ಚೀಲದಲ್ಲಿ ನನ್ನ ಬಳಿ ಇದ್ದವು. ಮಾರನೆಯ ಬೆಳಿಗ್ಗೆ ಸುದ್ದಿ ತಿಳಿದು ಬಯ್ಯಪ್ಪ ಬಂದ. ಮಂಚದ ಕಾಲ ಬಳಿ ನಿಂತ. ಕತ್ತಿನ ಕಡೆ ನೋಡಿದ. ಕಟ್ಟಿದ್ದ ಬಟ್ಟೆಯನ್ನಲ್ಲ, ಅದರ ಕೆಳಗಿನ ಖಾಲಿ ಜಾಗವನ್ನು.

"ಗುಂಡು ಎಲ್ಲಿ?"

ಗಂಗುಲಮ್ಮನಿಗೆ ಮಾತು ಹೊರಡುತ್ತಿರಲಿಲ್ಲ. ನನ್ನ ಮುಖ ನೋಡಿದಳು. ರಸ್ತೆಯಲ್ಲಿ ಚೆಲ್ಲಿಹೋದವು, ಜನ ಆಯ್ದುಕೊಂಡು ಹೋದರು ಎಂದೆ. ಸುಳ್ಳು ನನಗೆ ಬರುವುದಿಲ್ಲ, ಹೇಳುತ್ತಲೇ ಚೀಲದ ಕಡೆ ನೋಡಿಬಿಟ್ಟೆ. ಅವನಿಗೆ ಅಷ್ಟು ಸಾಕಾಯಿತು. ಮಗಳು ನನ್ನ ತೊಡೆಯ ಮೇಲಿದ್ದಾಗಲೇ ಚೀಲಕ್ಕೆ ಕೈ ಹಾಕಿ ಜಗ್ಗಿದ. ಚೀಲದ ಪಟ್ಟಿ ಮಗುವಿನ ಕೆನ್ನೆಗೆ ಬಡಿದು ಅದು ಚೀರಿತು.

ಗಂಗುಲಮ್ಮ ಎದ್ದಳು. ಕೈಗೆ ಚುಚ್ಚಿದ್ದ ಸೂಜಿ ಕಿತ್ತುಬಂದು ರಕ್ತ ಚಿಮ್ಮಿತು. ಪಕ್ಕದಲ್ಲಿದ್ದ ಸ್ಟೀಲ್ ಚೊಂಬನ್ನು ನೀರಿನ ಸಮೇತ ಅವನ ಮುಖಕ್ಕೆ ಬೀಸಿದಳು. ಮೂಳೆ ಮುರಿದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಅವನು ಮೂಗು ಮುಚ್ಚಿಕೊಂಡು ಕುಸಿದು ಕೂತ. ಇನ್ನೊಂದು ಬೀಸುವಷ್ಟರಲ್ಲಿ ಆಯಾ ಬಂದು ಅವನ ಕಾಲರು ಹಿಡಿದು ಹೊರಗೆ ಎಳೆದುಕೊಂಡು ಹೋದಳು.

ಗಂಗುಲಮ್ಮ ಒರಗಿದಳು. ಕತ್ತಿನ ಬಟ್ಟೆ ಮತ್ತೆ ಕೆಂಪಾಗುತ್ತಿತ್ತು. ನಾನು ಮಗುವಿನ ಕೆನ್ನೆ ಸವರುತ್ತ ಇನ್ನೊಂದು ಕೈಯಿಂದ ನರ್ಸನ್ನು ಕರೆಯುತ್ತಿದ್ದೆ. ಆಕೆ ಆ ಕೈಯನ್ನು ಹಿಡಿದು ಕೆಳಗೆಳೆದಳು. ಹಿಂದಿನ ದಿನದಿಂದ ಆಡಿದ ಮೊದಲ ಮಾತು ಗೊರಗೊರನೆ ಬಂತು.

"ಆ ಕಳ್ಳನ ಕೈಲಾಗ್ಲಿಲ್ಲ. ಇವನ ಕೈಲೂ ಆಗ್ಲಿಲ್ಲ. ನೀನು ಕುಯ್ದ್‌ಬಿಟ್ಟೆ ಕಣಮ್ಮ."

ನನ್ನ ಬಳೆಗಳು ಮಣಿಕಟ್ಟಿಗೆ ಒತ್ತುವಷ್ಟು ಬಿಗಿಯಾಗಿ ಹಿಡಿದಿದ್ದಳು. ನೋಯುತ್ತಿತ್ತು. ಬಿಡಿ ಎನ್ನಲಿಲ್ಲ. ನರ್ಸ್ ಬಂದು ಹೊಲಿಗೆ ನೋಡಲು ಹಿಂದಕ್ಕೆ ಸರಿಯಿರಿ ಎಂದರೂ ಆಕೆ ಕೈ ಬಿಡಲಿಲ್ಲ. ಮಗುವನ್ನು ಎದೆಗೊತ್ತಿಕೊಂಡು ಅಲ್ಲೇ ನಿಂತಿದ್ದೆ.