ಮೆಟ್ಟಿಲ ಮೇಲೆ ಕೂತವನು

ನಮ್ಮ ಬೀದಿಯ ಫೋಟೋ ಸ್ಟುಡಿಯೋದವನನ್ನು ಎಲ್ಲರೂ ಗದ್ದದ ಸಾರ್ ಎಂದೇ ಕರೆಯುವುದು. ಬೆಳಗಿನಿಂದ ಸಂಜೆಯವರೆಗೆ ಅವನ ಬಾಯಲ್ಲಿ ಬರುವುದು ಒಂದೇ ಮಾತು: "ಗದ್ದ ಸ್ವಲ್ಪ ಮೇಲೆ." ಪಾಸ್‌ಪೋರ್ಟಿಗೆ ಬಂದವರು, ಕೆಲಸಕ್ಕೆ ಅರ್ಜಿ ಹಾಕುವವರು, ಅಳುವ ಮಗುವನ್ನು ಎತ್ತಿಕೊಂಡು ಬಂದ ತಾಯಂದಿರು, ಇವರೆಲ್ಲರ ಗದ್ದ ಎತ್ತಿಸಿ ಎತ್ತಿಸಿ ಅವನ ಗದ್ದವೇ ಎದೆಗೆ ಇಳಿದುಬಿಟ್ಟಿದೆ. ಪಕ್ಕದಲ್ಲೇ ನನ್ನ ಕನ್ನಡಕದ ಅಂಗಡಿ. ನಡುವಿನ ಗೋಡೆ ತೆಳು, ಅವನ ನಿಟ್ಟುಸಿರೂ ನನಗೆ ಕೇಳಿಸುತ್ತದೆ.

"ಮುಖ ನೋಡಿ ನೋಡಿ ಸಾಕಾಗೋಗಿದೆ ಕಣಯ್ಯ" ಎನ್ನುತ್ತಿದ್ದ. ಅದಕ್ಕೇ ಭಾನುವಾರ ಬಂತೆಂದರೆ ಮುಖಗಳೇ ಇಲ್ಲದ ಕಡೆ ಹೊರಡುತ್ತಿದ್ದ. ಜೊತೆಗೆ ಶಾಲೆಯ ಕಾಲದ ಗೆಳೆಯರಿಬ್ಬರು: ಒಬ್ಬ ಬಸ್ ಡ್ರೈವರ್, ಇನ್ನೊಬ್ಬ ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್. ಮುಚ್ಚಿದ ಗಿರಣಿ, ಖಾಲಿ ಬಿದ್ದ ಆಸ್ಪತ್ರೆ, ನೀರಿಲ್ಲದ ಈಜುಕೊಳ, ಯಾರಿಗೂ ಬೇಡವಾದ ಕಟ್ಟಡ ಎಲ್ಲಿದ್ದರೂ ಇವರಿಗೆ ಬೇಕು. ಕಾವಲುಗಾರನಿದ್ದರೆ ಡ್ರೈವರ್ ಮಾತಿನಲ್ಲೇ ಮರುಳು ಮಾಡುತ್ತಿದ್ದ. ಇಲ್ಲದಿದ್ದರೆ ಮೂವರೂ ಗೋಡೆ ಹಾರುತ್ತಿದ್ದರು, ಈ ವಯಸ್ಸಿನಲ್ಲಿ. ನಿಮಗೇನು ತಲೆ ಕೆಟ್ಟಿದೆಯೇ ಎಂದು ನಾನು ಎಷ್ಟೋ ಸಲ ಬೈದಿದ್ದೇನೆ.

ಅಂಥ ಕಟ್ಟಡಗಳ ಒಳಗೆ ಹಗಲಲ್ಲೂ ಕತ್ತಲು. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಅದರ ಕಣ್ಣನ್ನು ಬಹಳ ಹೊತ್ತು ತೆರೆದೇ ಇಡಬೇಕು. ಅಷ್ಟು ಹೊತ್ತೂ ಮೆಕ್ಯಾನಿಕ್ ಕಪ್ಪು ಬಟ್ಟೆ ತೊಟ್ಟು, ಟಾರ್ಚ್ ಹಿಡಿದು, ಕೋಣೆಯ ತುಂಬ ಓಡಾಡುತ್ತ ಗೋಡೆಗೆ ಸುಣ್ಣ ಬಳಿದ ಹಾಗೆ ಬೆಳಕು ಬಳಿಯಬೇಕು. ಕ್ಯಾಮೆರಾದ ಎದುರಿಗೇ ಇದ್ದರೂ ಓಡಾಡುತ್ತಲೇ ಇದ್ದವನು ಫೋಟೋದಲ್ಲಿ ಬೀಳುವುದಿಲ್ಲ. ನಿಂತರೆ ಬೀಳುತ್ತಾನೆ. ಆಗ ಗದ್ದದ ಸಾರ್‌ಗೆ ಎಲ್ಲಿಲ್ಲದ ಕೋಪ. "ನಿಲ್ಲಬೇಡ್ವೋ, ಕೆಡ್ತು ನೋಡು" ಎಂದು ಕೂಗಿ, ಆ ಫೋಟೋ ಅಳಿಸಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ಮೆಕ್ಯಾನಿಕ್ ತುಟಿಪಿಟಕ್ಕೆನ್ನದೆ ಮತ್ತೆ ನಡೆಯುತ್ತಿದ್ದ. ವಾರವಿಡೀ ಲಿಫ್ಟ್ ಓಡುವ ಬಾವಿಯಂಥ ಗುಂಡಿಗಳಲ್ಲಿ ಹತ್ತಿ ಇಳಿದವನು ಭಾನುವಾರವೂ ನಡೆಯುತ್ತಿದ್ದ.

ಈಚೆಗೆ ಒಂದು ದಿನ ಆ ಮೆಕ್ಯಾನಿಕ್ ಕೆಲಸದ ಮೇಲಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕೆಲವು ವಾರ ಕಳೆದು ಅವನ ಹೆಂಡತಿ ಸ್ಟುಡಿಯೋಗೆ ಬಂದಳು. ನಾನೂ ಅಲ್ಲೇ ಟೀ ಕುಡಿಯುತ್ತ ಕೂತಿದ್ದೆ.

"ಅಣ್ಣ, ಅವರದೊಂದು ಫೋಟೋ ಬೇಕಿತ್ತು" ಎಂದಳು.

"ಮದುವೇದು ಇದ್ಯಲ್ಲಮ್ಮ, ದೊಡ್ಡದು ಮಾಡಿಕೊಡ್ತೀನಿ."

"ಅದಲ್ಲ, ಭಾನುವಾರದ್ದು. ಮನೇಲಿ ನಾನು ನೋಡಿದ್ದೆಲ್ಲ ಸುಸ್ತಾದ ಮುಖಾನೇ. ತಟ್ಟೆ ಮುಂದೆ ಕೂತು ತೂಕಡಿಸೋರು. ಭಾನುವಾರ ಮಾತ್ರ ನಾನು ಏಳೋಕೆ ಮುಂಚೇನೇ ಶೂ ಹಾಕ್ಕೊಂಡು ಕೂತಿರೋರು. ಅಲ್ಲಿ ಅವರು ಹೇಗಿರ್ತಿದ್ರು ಅಂತ ಒಂದ್ಸಲ ನೋಡ್ಬೇಕು."

ಎರಡು ದಿನ ಬಿಟ್ಟು ಬಾ ಎಂದು ಕಳಿಸಿದ ಗದ್ದದ ಸಾರ್ ಕಂಪ್ಯೂಟರ್ ಮುಂದೆ ಕೂತ. ತುಕ್ಕು ಹಿಡಿದ ಮಂಚಗಳು, ಒಡೆದ ಕಿಟಕಿಗಳು, ಗೆದ್ದಲು ತಿಂದ ಬೆಂಚುಗಳು ಒಂದರ ಹಿಂದೆ ಒಂದು ಬಂದು ಹೋದವು. ಗಿರಾಕಿಗಳು ಬಂದರೆ ಗದ್ದ ಎತ್ತಿ ಎನ್ನುವುದನ್ನೂ ಮರೆತ. ಒಂದು ಕಡೆಯೂ ಮೆಕ್ಯಾನಿಕ್ ಇರಲಿಲ್ಲ.

"ಊರೋರ ಮುಖ ಎಲ್ಲ ನನ್ನ ಹತ್ರ ಇದೆ. ಇವನದೊಂದಿಲ್ಲ" ಎಂದ. "ಬಿದ್ದಿದ್ದನ್ನೆಲ್ಲ ನಾನೇ ಅಳಿಸಿದ್ದು ಕಣಯ್ಯ."



ವಿಷಯ ತಿಳಿದು ಮರುದಿನ ಡ್ರೈವರ್ ಬಂದ. ಸ್ಟೂಲಿನ ಮೇಲೆ ಕೂತ. ಆಮೇಲೆ ಫೋನ್ ತೆಗೆದು ಮೇಜಿನ ಮೇಲಿಟ್ಟ.

"ಬೈಬೇಡ. ತಮಾಷೆಗೆ ಅಂತ ಇಟ್ಕೊಂಡಿದ್ದೆ. ನೀನು ಅಳಿಸೋಕೆ ಮುಂಚೆ ಕ್ಯಾಮೆರಾ ಪರದೆಯಿಂದಲೇ ಹೊಡ್ಕೊಂಡೆ. ದೆವ್ವ ಸಿಕ್ತು ಅಂತ ಅವನನ್ನ ರೇಗಿಸಿದ್ದೆ. ಈಗ ತೋರಿಸೋಕೇ ಧೈರ್ಯ ಬರ್ಲಿಲ್ಲ."

ಪಾಳು ಹಾಸ್ಟೆಲ್ಲೊಂದರ ಮೆಟ್ಟಿಲು. ಕೆಳಗಿನ ಮೆಟ್ಟಿಲ ಮೇಲೆ ಒಬ್ಬ ಮನುಷ್ಯ ಕೂತಿದ್ದಾನೆ. ಪಕ್ಕದಲ್ಲಿ ಉರಿಯುವ ಟಾರ್ಚ್, ಮೊಣಕಾಲ ಮೇಲೆ ಮೊಣಕೈ, ತಲೆ ಕೆಳಗೆ. ಮುಖ ಮಸುಕು ಮಸುಕು.

ಗದ್ದದ ಸಾರ್ ಅದನ್ನೇ ನೋಡುತ್ತ ಹೇಳಿದ: "ಕೊನೇ ಭಾನುವಾರದ್ದು. 'ಕಾಲೇ ಬರ್ತಿಲ್ಲ ಕಣೋ, ಒಂದ್ನಿಮಿಷ' ಅಂದ. ನಾನೇನಂದೆ ಗೊತ್ತಾ? 'ಬ್ಯಾಟರಿ ಮುಗಿಯುತ್ತೆ, ಏಳು' ಅಂದೆ. ಎದ್ದ ಪಾಪ."

ಇದನ್ನು ಅವಳಿಗೆ ತೋರಿಸಬೇಡ ಎಂದು ಡ್ರೈವರ್ ಗೋಗರೆದ. ನಾನೂ ಹಾಗೇ ಹೇಳಿದೆ. ಮದುವೆಯ ಫೋಟೋ ಕೊಟ್ಟು ಕೈತೊಳೆದುಕೋ, ನಗುಮುಖ ಕೇಳಿದವಳಿಗೆ ಇದನ್ನು ಕೊಡುವುದು ಯಾವ ನ್ಯಾಯ ಎಂದೆ. ಅವನು ನಮ್ಮಿಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇರುವುದೇ ಇದೊಂದು ಎಂದು ಪ್ರಿಂಟ್ ತೆಗೆದ.

ಅವನು ಹೇಳಿದ ದಿನವೇ ಅವಳು ಬಂದಳು. "ಮುಖ ಸರಿಯಾಗಿ ಬಿದ್ದಿಲ್ಲಮ್ಮ" ಎಂದು ಅವನು ಲಕೋಟೆ ಕೊಟ್ಟ. ಅವಳು ಫೋಟೋ ಹೊರಗೆ ತೆಗೆದು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಅಲ್ಲೂ ಹೀಗೇನಾ" ಎಂದಳು.



"ಭಾನುವಾರದವರು ಬೇರೆ ಯಾರೋ, ಅವರನ್ನ ನಾನು ನೋಡೇ ಇಲ್ಲ ಅಂದ್ಕೊಂಡಿದ್ದೆ. ಇವರನ್ನ ದಿನಾ ನೋಡಿದ್ದೀನಿ." ಫೋಟೋವನ್ನು ಮತ್ತೆ ಲಕೋಟೆಗೆ ಹಾಕಿ ಚೀಲದಲ್ಲಿಟ್ಟುಕೊಂಡಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. "ಕೆಲಸದಲ್ಲಿ ಒಂದು ಗಳಿಗೆ ಕೂರೋಕೆ ಬಿಡ್ತಿರ್ಲಿಲ್ಲ ಅಂತಿದ್ರು. ನೀವಾದ್ರೂ ಕೂರೋಕೆ ಬಿಟ್ರಲ್ಲ ಅಣ್ಣ, ನನಗಷ್ಟು ಸಾಕು."

"ಅಲ್ಲಮ್ಮ" ಎಂದು ಗದ್ದದ ಸಾರ್ ಒಂದು ಹೆಜ್ಜೆ ಮುಂದಿಟ್ಟ. ಅವಳು ಮೆಟ್ಟಿಲಿಳಿದು ಹೋದಳು.